ಸಿದ್ದನ ಬೆನ್ನಿಗೆ ನಲವತ್ತೆಂಟು ಅಡಿ

ಷಣ್ಮುಖಪ್ಪನ ಲಾರಿಯ ಮೇಲಿದ್ದ ಮರದ ಉದ್ದ ನಲವತ್ತೆಂಟು ಅಡಿ. ಅದರ ಪರ್ಮಿಟ್ಟಿನ ಅರ್ಜಿ ಬಿಡಿಸಿ ಹಾಸಿದರೆ ಎರಡಡಿ ಹೆಚ್ಚೇ ಇದ್ದೀತು. ಹುಣಸೂರಿನ ಡಿಪೋದಿಂದ ಕಾಕನಕೋಟೆ ಕಾಡು ಹಾಯ್ದು, ಘಾಟಿ ಇಳಿಸಿ, ಕೇರಳದ ದೋಣಿ ಬಡಗಿಗಳಿಗೆ ಅದನ್ನು ಇಡಿಯಾಗಿ ಒಪ್ಪಿಸಬೇಕು. ತುಂಡಾದರೆ ತೊಟ್ಟಿಲಿಗಷ್ಟೇ ಲಾಯಕ್ಕು. ಮೂರು ಕಚೇರಿಗಳು ನಾಲ್ಕು ತಿಂಗಳು ಗಾಢವಾಗಿ ಆಲೋಚಿಸಿ ಒಂದೇ ಒಂದು ದಿನ ದಯಪಾಲಿಸಿದ್ದವು: ಇವತ್ತು ಸಂಜೆ ಆರರೊಳಗೆ ಘಾಟಿ ಇಳಿದಿರಬೇಕು. ಮೇಲೊಂದು ಷರತ್ತು. ಕಾಡಿನ ಗೇಟಿನಿಂದಾಚೆ ಎರಡು ಮೈಲಿ ತಿರುವುಗಳಲ್ಲಿ ಕೆಂಪು ಬಾವುಟ ಹಿಡಿದವನೊಬ್ಬ ಮುಂದೆ ನಡೆಯಬೇಕು, ಲಾರಿ ಅವನ ಹಿಂದೆಯೇ ಬರಬೇಕು.

ಬಾವುಟಕ್ಕೆ ಸಿಕ್ಕವನು ಸಿದ್ದ, ಆ ಕಾಡೊಳಗಿನ ಗಿರಿಜನರ ಹಾಡಿಯವನು.

ಗೇಟಿನ ಗಾರ್ಡ್ ನಿಂಗಯ್ಯ ಕಾಗದವನ್ನು ಭಕ್ತಿಯಿಂದ ಓದಿದ. "ಮರ ಹೋಗ್ಬೋದು, ಲಾರಿ ಹೋಗ್ಬೋದು. ಇವನ್ ಪಾಸ್ ಎಲ್ಲಿ?"

"ಅವ್ನು ಹುಟ್ಟಿದ್ದೇ ಒಳಗಡೆ ಕಣ್ರೀ!" ಎಂದ ಷಣ್ಮುಖಪ್ಪ.

"ಹುಟ್ಟೋಕೆ ಆಗ ಪಾಸ್ ಕೇಳ್ತಿರ್ನಿಲ್ಲ. ಅವ್ನ ಪುಣ್ಯ."

"ಅಂಗಾರೆ ಲಾರಿ ಮ್ಯಾಲೆ ಕೂರಿಸ್ಕತೀನಿ."

"ಕೂರಿಸ್ಕಳಿ. ಮ್ಯಾಲೆ ಕೂತ್ರೆ ಲೋಡು, ನಾ ಕೇಳಾಕಿಲ್ಲ. ಆದ್ರೆ ಮುಂದೆ ನಡೀಬೇಕು ಅಂತ ಬರ್ದವ್ರಲ್ಲಾ?"

ಗಡಿಯಾರ ನಾಲ್ಕು ದಾಟಿತ್ತು. ಅಷ್ಟರಲ್ಲಿ ಪಕ್ಕದ ಪೊದೆಯಲ್ಲಿ ನುಸುಳಿದ ಸಿದ್ದ ಗೇಟಿನೊಳಗೆ ಪ್ರತ್ಯಕ್ಷನಾಗಿ ಬಾವುಟ ಆಡಿಸಿದ. "ಬನ್ನಿ ಅಣ್ಣೋ!"

ನಿಂಗಯ್ಯ ಗೇಟಿನ ಅಡ್ಡಕಂಬ ಎತ್ತಲಿಲ್ಲ. "ಅವನ್ ಹಿಂದೇನೇ ಹೋಗ್ಬೇಕು ಅಂತೈತೆ. ಅವ್ನು ಪೊದೇಲಿ ಹೋದ. ನೀವೂ ಮರಾನ ಪೊದೇಲೇ ನುಗ್ಗಿಸಿ."

ಷಣ್ಮುಖಪ್ಪ ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡ. ಸಿದ್ದ ಗೇಟಿಗೆ ಬಂದು ವಿನಯದಿಂದ ಕೇಳಿದ: "ಬುದ್ದಿ, ಒಳಗಿಂದ ಈಚ್ಗೆ ಬರೋರ್ಗೂ ಪಾಸ್ ಬೇಕಾ?"

"ಬರೋರ್ಗೆ ಯಾಕ್ಲಾ? ಬುಕ್ಕಲ್ಲಿ ಹೆಸ್ರು ಬರ್ಕೊಂಡ್ರೆ ಮುಗೀತು."

"ಬರ್ಕಳಿ. ಈಚ್ಗೆ ಬತ್ತಾ ಇವ್ನಿ."

ಹಾಗೆಂದವನು ಲಾರಿಗೆ ಮುಖ ಮಾಡಿ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಕೂಗಿದ: "ಬಾ... ಬಾ... ಹಂಗೇ ಬಾ... ರೈಟ್!"

ನಿಂಗಯ್ಯ ಗದ್ದ ಕೆರೆದುಕೊಂಡ. ಮುಖವಂತೂ ಈಚೆಗೇ ಇತ್ತು. ಕಾಲಿನ ವಿಚಾರ ರೂಲ್ಸಿನಲ್ಲಿ ಇರಲಿಲ್ಲ. 'ಸಿದ್ದ, ಕಾಡಿನಿಂದ ಹೊರಕ್ಕೆ' ಎಂದು ಬರೆದು, ಕಂಬ ಎತ್ತಿದ.

ಆರಕ್ಕೆ ಹತ್ತು ನಿಮಿಷವಿರುವಾಗ ಮರ ಘಾಟಿ ಇಳಿಯಿತು.

ಮೂರನೆಯ ದಿನ ಖಾಲಿ ಲಾರಿಯಲ್ಲಿ ಮರಳಿದ ಷಣ್ಮುಖಪ್ಪನಿಗೆ ನಿಂಗಯ್ಯ ಹಲ್ಲು ಬಿಟ್ಟು ಬುಕ್ಕು ತೋರಿಸಿದ. "ದೊಡ್ ಸಾಹೇಬ್ರು ನೋಡುದ್ರು. 'ಭೇಷ್, ಒಬ್ಬನಾದ್ರೂ ತಾನಾಗೇ ಕಾಡು ಬುಟ್ನಲ್ಲ' ಅಂದ್ರು. ಹಾಡಿ ಪಟ್ಟೀಲಿ ಅವ್ನ ಗುಡಿಸ್ಲಿನ್ ಮ್ಯಾಲೆ ಗೀಟು ಎಳ್ದವ್ರೆ."

"ಮತ್ತೆ ಸಿದ್ದ?"

ನಿಂಗಯ್ಯ ಗದ್ದದಲ್ಲೇ ದಾರಿ ತೋರಿಸಿದ. ಅಂತರಸಂತೆಯಿಂದ ತಂದ ಉಪ್ಪಿನ ಗಂಟನ್ನು ಹೆಗಲಿಗೇರಿಸಿ, ಮುಖ ಈಚೆಗಿಟ್ಟುಕೊಂಡು, ಸಿದ್ದ ಹಿಂದುಹಿಂದಕ್ಕೆ ನಡೆಯುತ್ತ ಮನೆಗೆ ಹೋಗುತ್ತಿದ್ದ.