ಮೇಲಿನ ಹಲಗೆ, ಕೆಳಗಿನ ಹಲಗೆ

ನಾನು ಒಂದು ಪುಸ್ತಕದ ಗಾಡಿ. ಹುಟ್ಟಿದ್ದು 1958ರ ಜೂನ್‌ನಲ್ಲಿ, ಕ್ಷಯರೋಗದ ಆಸ್ಪತ್ರೆಯೊಂದರ ಮರಗೆಲಸದ ಶೆಡ್ಡಿನಲ್ಲಿ. ಬಡಗಿ ದಾವಿದಪ್ಪ ಔಷಧಿ ಬಂದ ಪೆಟ್ಟಿಗೆಗಳ ಹಲಗೆ ಬಿಚ್ಚಿ ನನ್ನ ಮೈ ಕೂಡಿಸಿದ. ಮುರಿದ ಸ್ಟ್ರೆಚರಿನ ಚಕ್ರಗಳು ನನಗೆ ಕಾಲಾದವು. ನನಗೆ ಎರಡು ಹಲಗೆ. ಮೇಲಿನದರಲ್ಲಿ ಸಾಹಸದ ಹಳೆಯ ಕಾದಂಬರಿಗಳು: ಹಡಗು, ಹಿಮ, ಮರುಭೂಮಿ, ಹೂತಿಟ್ಟ ನಿಧಿ. ಕೆಳಗಿನದರಲ್ಲಿ ಅದ್ಭುತದ ಕಾದಂಬರಿಗಳು: ಮಾಟ, ಮಾತಾಡುವ ಕರಡಿ, ಯಾವ ನಕ್ಷೆಯಲ್ಲೂ ಇಲ್ಲದ ರಾಜ್ಯ. ಎಲ್ಲವೂ ದಾನ ಬಂದವು. ಒಟ್ಟು ಅರವತ್ತೆರಡು.

ಆ ಪುಸ್ತಕಗಳು ಇಡಿಯಾಗಿರಲಿಲ್ಲ. ಮಲಗಿ ಓದುವ ರೋಗಿಯ ಎದೆಯ ಮೇಲೆ ನಾನೂರು ಪುಟದ ಭಾರ ಬೇಡವೆಂದು ದೊಡ್ಡ ಡಾಕ್ಟರು ಹೊಲಿಗೆ ಬಿಚ್ಚಿಸಿ, ಒಂದೊಂದನ್ನೂ ಐದಾರು ತೆಳು ಕಂತುಗಳಾಗಿ ಮಾಡಿಸಿದ್ದರು. ಸಾಹಸಕ್ಕೆ ಕೆಂಪು ದಾರ, ಅದ್ಭುತಕ್ಕೆ ಹಸಿರು ದಾರ. ಒಬ್ಬರು ಓದಿದ ಕಂತು ಮೂರು ದಿನ ತಾರಸಿಯ ಬಿಸಿಲಿನಲ್ಲಿ ಒಣಗಿದ ಮೇಲೆಯೇ ಇನ್ನೊಬ್ಬರ ಕೈಗೆ. ನನ್ನನ್ನು ತಳ್ಳುತ್ತಿದ್ದವಳು ಆಯಾ ಸಿದ್ದಗಂಗಮ್ಮ. ಅವಳಿಗೆ ಓದು ಬರುತ್ತಿರಲಿಲ್ಲ. ದಾರದ ಬಣ್ಣ ನೋಡಿ ಜೋಡಿಸುತ್ತಿದ್ದಳು.

ಹೆಂಗಸರ ವಾರ್ಡಿನಲ್ಲಿ ಅಕ್ಕಪಕ್ಕದ ಎರಡು ಮಂಚಗಳ ನಡುವೆ ನಾನು ಹೆಚ್ಚು ಹೊತ್ತು ನಿಲ್ಲಬೇಕಾಗುತ್ತಿತ್ತು. ಹನ್ನೊಂದನೆಯ ಮಂಚದಲ್ಲಿ ಇಂದೂಬಾಯಿ, ಮಿಡ್ಲ್ ಸ್ಕೂಲಿನ ಭೂಗೋಳದ ಟೀಚರು, ನಲವತ್ತೊಂದು ವರ್ಷ. ಹನ್ನೆರಡರಲ್ಲಿ ಜುಲೇಖಾ, ಶಿಡ್ಲಘಟ್ಟದ ಕಡೆಯಿಂದ ಬಂದ ರೇಷ್ಮೆ ನೂಲು ಬಿಚ್ಚುವವಳು, ಇಪ್ಪತ್ತಮೂರು. ಟೀಚರು ಕೆಂಪು ದಾರ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಜುಲೇಖಾಗೆ ಹಸಿರೇ ಆಗಬೇಕು.

“ನಿನ್ನ ಕಥೆಯಲ್ಲಿ ಏನೇ ಕಷ್ಟ ಬಂದರೂ ಒಂದು ಉಂಗುರ ತಿರುಗಿಸಿದರೆ ಮುಗೀತು,” ಎಂದು ಟೀಚರು ಕೆಣಕುತ್ತಿದ್ದರು. “ಅದು ಪರೀಕ್ಷೇಲಿ ಕಾಪಿ ಹೊಡೆದ ಹಾಗೆ ಕಣೇ. ನನ್ನ ಕಥೆಯವರು ನೋಡು, ನಡೆದೇ ದಾಟಬೇಕು.”

“ನಿಮ್ಮವರು ಸಾಯೋ ಹೊತ್ತಿಗೆ ಸರಿಯಾಗಿ ಒಂದು ಹಡಗು ಬರುತ್ತಲ್ಲ ಟೀಚರ್, ಅದನ್ನ ಯಾರು ಕಳ್ಸೋದು? ಅದೇನು ಮಾಟ ಅಲ್ವಾ?”

“ಹಡಗು ಅಂದ್ಮೇಲೆ ಸಮುದ್ರದಲ್ಲಿ ಓಡಾಡ್ತಾ ಇರುತ್ತೆ.”

“ನಮ್ಮ ಕಡೆ ಜಿನ್ನುಗಳೂ ಓಡಾಡ್ತಾ ಇರ್ತಾವೆ.”

ನಕ್ಕರೆ ಇಬ್ಬರಿಗೂ ಕೆಮ್ಮು ಬರುತ್ತಿತ್ತು. ಆಗ ಸಿಸ್ಟರ್ ಬಂದು ಗದರುತ್ತಿದ್ದರು.

1963ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ತಾರಸಿಯ ಮೇಲಿದ್ದ ಕಂತುಗಳನ್ನು ಅಂಗಳಕ್ಕೆಲ್ಲ ಹರಡಿತು. ಎಷ್ಟೋ ದಾರಗಳು ಕಿತ್ತುಹೋದವು. ಸಿದ್ದಗಂಗಮ್ಮ ಹಾಳೆಗಳನ್ನು ಆಯ್ದು ತಂದು, ಯಾರನ್ನೂ ಕೇಳದೆ, ಕೈಗೆ ಸಿಕ್ಕ ದಾರದಲ್ಲಿ ಹೊಲಿದಿಟ್ಟಳು.

ಮರುವಾರ ಜುಲೇಖಾ ಕೂಗಿಕೊಂಡಳು. “ಟೀಚರ್, ನನ್ನ ರಾಣಿ ಈಗಷ್ಟೇ ಬೆಳ್ಳಿ ಬಾಗಿಲು ತೆಗೆದು ಒಳಗೆ ಹೋದ್ಲು. ಪುಟ ತಿರುಗಿಸಿದ್ರೆ ಹನ್ನೊಂದು ಜನ ಗಂಡಸರು ತೆಪ್ಪದ ಮೇಲೆ ಕೂತು ನೀರು ಹಂಚ್ಕೋತಾ ಇದ್ದಾರೆ!”

ಟೀಚರು ಆ ಕಥೆಯನ್ನು ಮೊದಲೇ ಓದಿ ಮುಗಿಸಿದ್ದರು. ಹಡಗು ಒಡೆದು ತೆಪ್ಪದಲ್ಲಿ ಉಳಿದವರ ಕಥೆ ಅದು. ದಿನಕ್ಕೆ ಒಬ್ಬರಿಗೆ ಎರಡು ಗುಟುಕು ನೀರು. “ಓದು, ಓದು. ಒಂದು ಸಲ ನೀನೂ ನಡೆ,” ಎಂದರು. ಜುಲೇಖಾ ಬೈಯುತ್ತಲೇ ಓದಿದಳು. ಕಂತು ತೆಪ್ಪದವರ ಹದಿನಾರನೆಯ ದಿನಕ್ಕೆ ಮುಗಿದಿತ್ತು. ಮುಂದಿನದು ಯಾವ ದಾರದೊಳಗೆ ಸೇರಿದೆಯೋ ತಿಳಿಯಲಿಲ್ಲ.

ಆ ತಿಂಗಳ ಕೊನೆಗೆ ಡಾಕ್ಟರು ಎಕ್ಸ್‌ರೇ ಹಿಡಿದು ಬಂದರು. ಜುಲೇಖಾಳ ರೋಗಕ್ಕೆ ಇಂಜೆಕ್ಷನ್ನೂ ಮಾತ್ರೆಗಳೂ ನಾಟುವುದನ್ನು ನಿಲ್ಲಿಸಿದ್ದವು. ಉಳಿದದ್ದು ಆಪರೇಷನ್. ಬಲಗಡೆಯ ಏಳು ಪಕ್ಕೆಲುಬು ತೆಗೆದರೆ ಶ್ವಾಸಕೋಶ ಕುಗ್ಗಿ, ಅದರೊಳಗಿನ ತೂತು ಮುಚ್ಚಿಕೊಳ್ಳುತ್ತದೆ. ಒಂದೇ ಸಲಕ್ಕೆ ಆಗದು. ಮೂರು ಸಲ, ನಡುವೆ ಮೂರು ನಾಲ್ಕು ವಾರ. ಪ್ರತಿ ಸಲವೂ ರೋಗಿಯ ಸಹಿ ಬೇಕು. ಟೀಚರಿಗೆ ಎರಡೂ ಕಡೆ ತೂತು. ಅವರಿಗೆ ಆಪರೇಷನ್ನೂ ಇಲ್ಲವೆಂದು ಡಾಕ್ಟರು ಇಂಗ್ಲಿಷಿನಲ್ಲಿ ಸಿಸ್ಟರಿಗೆ ಹೇಳಿದರು. ಟೀಚರಿಗೆ ಇಂಗ್ಲಿಷ್ ಬರುತ್ತಿತ್ತು.

ಮೊದಲನೆಯದು ಆಯಿತು. ಮರಗಟ್ಟಿಸುವ ಸೂಜಿ ಚುಚ್ಚಿದ್ದರೂ ಜುಲೇಖಾ ಎಚ್ಚರವಾಗಿಯೇ ಇದ್ದಳು. ಎಲುಬು ಕತ್ತರಿಸುವ ಸದ್ದು ಅವಳಿಗೆ ಕೇಳಿತ್ತು. ವಾರ್ಡಿಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ಹಸಿರು ದಾರದ ಕಂತು ಕೊಟ್ಟರೆ ನೂಕಿದಳು. ಎರಡನೆಯದಕ್ಕೆ ಸಹಿ ಹಾಕುವುದಿಲ್ಲವೆಂದಳು. ಅರ್ಧಕ್ಕೆ ಬಿಟ್ಟರೆ ಮಾಡಿದ್ದೂ ದಂಡ, ತೂತು ಬಾಯಿ ತೆರೆದೇ ಇರುತ್ತದೆ, ಬದುಕುವುದು ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಹೇಳಿದರು. ಅವಳ ತಾಯಿ ಬಂದು ಕಾಲು ಹಿಡಿದಳು. ಜುಲೇಖಾ ಕಾಲು ಎಳೆದುಕೊಂಡಳು.

ತಾಯಿ ಬಂದು ಹೋದ ನಾಲ್ಕನೆಯ ದಿನ ಸಂಜೆ, ನಾನು ಮಂಚಗಳ ನಡುವೆ ನಿಂತಿದ್ದಾಗ, ಅವಳು ತಿರುಗದೆಯೇ ಕೇಳಿದಳು. “ಟೀಚರ್, ತೆಪ್ಪದವರು ಹದಿನೇಳನೇ ದಿನ ಏನ್ ಮಾಡಿದ್ರು?”

“ಯಾಕೆ? ನಿನಗೆ ರಾಣಿ ಬೇಕಲ್ಲ?”

“ರಾಣಿಗೆ ಯಾರೂ ಎಲುಬು ಕೊಯ್ಯಲಿಲ್ಲ. ಹೇಳಿ.”

“ಎರಡನೇದು ಮಾಡಿಸ್ಕೊಂಡು ಬಾ, ಹೇಳ್ತೀನಿ.”

ಜುಲೇಖಾ ಇತ್ತ ಹೊರಳಿದಳು. “ನೀವು ಇರ್ತೀರಾ?”

“ಎಲ್ಲಿಗೆ ಹೋಗಲಿ? ನನ್ನ ಟ್ರಂಕು ಇಲ್ಲೇ ಇದೆ.”

ಮೇ 27ರಂದು ಅವಳು ಸಹಿ ಹಾಕಿದಳು. ಅಕ್ಷರ ವಕ್ರವಾಗಿತ್ತು, ಬಲಗೈ ಎತ್ತಲು ಬರುತ್ತಿರಲಿಲ್ಲ.

ಸ್ಟ್ರೆಚರು ಬಾಗಿಲು ದಾಟಿದ ಮೇಲೆ ಟೀಚರು ಸಿದ್ದಗಂಗಮ್ಮನನ್ನು ಕರೆದು ಎರಡು ಕೆಲಸ ಹೇಳಿದರು. ಒಂದು, ತೆಪ್ಪದ ಕೊನೆಯ ಕಂತು ಹುಡುಕುವುದು. ನನ್ನಲ್ಲಿದ್ದ ಪ್ರತಿಯೊಂದನ್ನೂ ಬಿಡಿಸಿ ತೋರಿಸಿ ತೋರಿಸಿ ಅದು ಸಿಕ್ಕಿತು. ಟೀಚರು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ಇನ್ನೊಂದನ್ನು ದನಿ ತಗ್ಗಿಸಿ ಹೇಳಿದರು. “ಕೆಳಗಿನ ಹಲಗೆಯಿಂದ ಏನಾದರೂ ಕೊಡು. ಅವಳಿಗೆ ಹೇಳಬೇಡ, ಆಡ್ಕೋತಾಳೆ.”

“ನಿಮಗೆ ಅದು ಆಗಲ್ವಲ್ಲ ಟೀಚರಮ್ಮ?”

“ನಡೆಯೋ ದಾರಿ ಇದ್ದಾಗ ಆಗ್ತಿರಲಿಲ್ಲ ಕಣೆ.”

ಎರಡು ದಿನ ಅವರು ಹಸಿರು ದಾರದ ಕಂತು ಓದಿದರು. ನಗಲಿಲ್ಲ, ಟೀಕೆ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ರಕ್ತ ಕಾರಿಕೊಂಡರು. ಸಿಸ್ಟರ್ ಓಡಿ ಬರುವಷ್ಟರಲ್ಲಿ ಮುಗಿದಿತ್ತು.

ಸತ್ತವರ ಹಾಸಿಗೆಯಲ್ಲಿ ಸಿಕ್ಕ ಕಾಗದವನ್ನೆಲ್ಲ ಸುಡಬೇಕೆಂಬುದು ಆಸ್ಪತ್ರೆಯ ನಿಯಮ. ಸಿದ್ದಗಂಗಮ್ಮ ಅಳುತ್ತ ದಿಂಬು, ಹೊದಿಕೆ, ಎರಡೂ ಕಂತುಗಳನ್ನು ಹಿತ್ತಿಲಿಗೆ ಒಯ್ದಳು. ನಿಯಮ ತಪ್ಪಲ್ಲ. ಆದರೂ ಹಾಗೆ ಆಗಬಾರದಿತ್ತು.

ಜುಲೇಖಾ ಆಪರೇಷನ್ ಆದವರ ಕೋಣೆಯಿಂದ ಏಳನೆಯ ದಿನ ವಾರ್ಡಿಗೆ ಮರಳಿದಳು. ಹನ್ನೊಂದನೆಯ ಮಂಚದಲ್ಲಿ ಬೋರಮ್ಮ ಎಂಬ ಮುದುಕಿ ಇದ್ದಳು. ಎದ್ದು ಕೂರಲು ಆದ ದಿನ ಜುಲೇಖಾ ನನ್ನನ್ನು ಹತ್ತಿರ ಎಳೆದುಕೊಂಡು, ತೆಪ್ಪದ ಉಳಿದ ಕಂತಿಗಾಗಿ ಎಡಗೈಯಲ್ಲಿ ಮೇಲಿನ ಹಲಗೆ ಹುಡುಕಿದಳು, ಆಮೇಲೆ ಕೆಳಗಿನದು. ಸಿದ್ದಗಂಗಮ್ಮ ಸುಟ್ಟ ವಿಷಯ ಹೇಳಿದಳು. ಜುಲೇಖಾ ನನ್ನ ಅಂಚಿಗೆ ಹಣೆ ಇಟ್ಟು ಅತ್ತಳು. ಅಳುವುದಕ್ಕೂ ಉಸಿರು ಬೇಕು. ಅವಳಲ್ಲಿ ಅಷ್ಟಿರಲಿಲ್ಲ.

ಮೂರನೆಯ ಆಪರೇಷನ್ನಿಗೆ ಹಾಗೆ ಮಾತು ಕೊಡುವವರು ಯಾರೂ ಇರಲಿಲ್ಲ. ಓದು ಬಾರದ ಬೋರಮ್ಮ ಕಥೆ ಹೇಳೆಂದು ಪೀಡಿಸುತ್ತಿದ್ದಳು. ಜುಲೇಖಾ ತೆಪ್ಪದ್ದು ಹೇಳಿದಳು, ದಿನಕ್ಕಿಷ್ಟು, ಹದಿನಾರು ದಿನ. ಮರುದಿನ ಬೆಳಿಗ್ಗೆ ಸಿಸ್ಟರ್ ಸಹಿಯ ಕಾಗದ ಹಿಡಿದು ಬಂದರು.

“ಆಮೇಕೇನಾಯ್ತವ್ವ?” ಎಂದಳು ಬೋರಮ್ಮ. “ದಡ ಸಿಕ್ತಾ?”

“ನಂಗೊತ್ತಿಲ್ಲ ಅಜ್ಜಿ.” ಜುಲೇಖಾ ಕಾಗದ ಇಸಿದುಕೊಂಡಳು. “ಹದಿನೇಳನೇ ದಿನಾನೂ ನೀರು ಹಂಚ್ಕೊಂಡ್ರು. ಅಷ್ಟು ಮಾತ್ರ ಖಂಡಿತ.”

ಸಹಿ ಹಾಕಿದಳು.

ತೂತು ಮುಚ್ಚಿತು. ನವೆಂಬರ್ 9ರಂದು, ಬಲಭುಜ ಇಳಿಬಿದ್ದಿದ್ದ ಜುಲೇಖಾ ತಾಯಿಯ ಜೊತೆ ಗೇಟು ದಾಟಿದಳು. ಆಮೇಲಿನದು ನನಗೆ ತಿಳಿಯದು. ತಿಳಿಯದ್ದನ್ನು ನಾನು ಹೇಳುವುದಿಲ್ಲ.

ಹೊಸ ಔಷಧಿಗಳು ಬಂದ ಮೇಲೆ ವಾರ್ಡು ಖಾಲಿಯಾಯಿತು. ಕೆಲವು ವರ್ಷ ನಾನು ಬೆಡ್‌ಪ್ಯಾನ್ ಹೊತ್ತೆ. ಈಗ ಸ್ಟೋರಿನ ಮೂಲೆಯಲ್ಲಿದ್ದೇನೆ. ಮೇಲಿನ ಹಲಗೆ ಗೆದ್ದಲಿನ ಪಾಲಾಗಿದೆ, ಕೆಳಗಿನದೂ ಹೆಚ್ಚು ದಿನ ಉಳಿಯದು. ಸಾಹಸ ಮೇಲೋ ಅದ್ಭುತ ಮೇಲೋ ಎಂದು ನನ್ನ ಪಕ್ಕದಲ್ಲಿ ಎಷ್ಟೋ ಜನ ವಾದ ಮಾಡಿದ್ದಾರೆ. ಎರಡೂ ಹಲಗೆಯವರು ಸತ್ತದ್ದನ್ನು ಕಂಡಿದ್ದೇನೆ. ಪುಸ್ತಕ ಯಾರ ಎದೆಯನ್ನೂ ವಾಸಿ ಮಾಡಲಿಲ್ಲ. ಒಂದನ್ನು ಮಾತ್ರ ಗಮನಿಸಿದೆ. ಮುಂದೆ ಇನ್ನೊಂದು ಹೆಜ್ಜೆ ಇಡಲೇಬೇಕಾದವರು ಮೇಲಕ್ಕೆ ಕೈ ಚಾಚುತ್ತಿದ್ದರು. ಹೆಜ್ಜೆ ಮುಗಿದವರು ಕೆಳಕ್ಕೆ ಬಗ್ಗುತ್ತಿದ್ದರು, ಬಗ್ಗಲು ಎಷ್ಟೇ ನೋವಾದರೂ.