ಮೂರನೆಯ ಸುತ್ತಿನಲ್ಲಿ

ಶಾಂತಕುಮಾರಿಯವರು ಅಷ್ಟು ವರ್ಷ ಹ್ಯಾಮರ್ ಎಸೆದದ್ದು ಕನಸಿನಲ್ಲಿ ಮಾತ್ರ.

ಬೆಳಗಿನ ಜಾವಕ್ಕೆ ಬರುತ್ತಿದ್ದ ಆ ಕನಸಿನಲ್ಲಿ ಯಾವಾಗಲೂ ಕುದುರೆಮುಖದ ಕಂಪೆನಿ ಮೈದಾನ, ಮಂಡಿಯವರೆಗೆ ಮಂಜು. ಎರಡೂ ಕೈಯಲ್ಲಿ ಹಿಡಿ, ಹಿಡಿಗೆ ಉದ್ದನೆಯ ಉಕ್ಕಿನ ಸರಿಗೆ, ಸರಿಗೆಯ ತುದಿಯಲ್ಲಿ ಕಬ್ಬಿಣದ ಗುಂಡು. ಅವರು ಸುತ್ತುತ್ತಿದ್ದರು. ಗುಂಡಿಗೆ ಭಾರವೆಂಬುದೇ ಇರಲಿಲ್ಲ. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಸದ್ದೆಲ್ಲ ನಿಂತುಹೋಗಿ, ಕಾಲು ಕದಲದೆ ಇದ್ದ ಹಾಗೆ, ಸುತ್ತಲಿನ ಗುಡ್ಡಗಳೇ ಮೆಲ್ಲಗೆ ತಿರುಗಲು ಶುರುಮಾಡುತ್ತಿದ್ದವು. ಕೈಬಿಟ್ಟ ಹ್ಯಾಮರ್ ಮೇಲೇರುತ್ತಿತ್ತು, ಆದರೆ ಕೆಳಗೆ ಬೀಳುತ್ತಿರಲಿಲ್ಲ. ಬೀಳುವ ಸದ್ದಿಗೆ ಕಾಯುತ್ತ ಕಾಯುತ್ತ ಎಚ್ಚರವಾಗುತ್ತಿತ್ತು. ಎಚ್ಚರವಾದವರು ಎದ್ದು ಮುಖ ತೊಳೆದು, ಮೂಡಿಗೆರೆಯ ಡಿಗ್ರಿ ಕಾಲೇಜಿನ ಮೈದಾನಕ್ಕೆ ಹೋಗಿ, ಮಕ್ಕಳಿಗೆ ಹ್ಯಾಮರ್ ಎಸೆಯುವುದನ್ನು ಹೇಳಿಕೊಡುತ್ತಿದ್ದರು.

ಅವರ ತಂದೆ ಕುದುರೆಮುಖದ ಅದಿರು ಕಂಪೆನಿಯಲ್ಲಿ ಫಿಟ್ಟರ್. ಟೌನ್‌ಶಿಪ್ಪು ಆಗಿನ್ನೂ ಹೊಸತು. ಕ್ವಾರ್ಟರ್ಸಿಗೆ ಬಳಿದ ಸುಣ್ಣದ ವಾಸನೆಯೂ ಹೋಗಿರಲಿಲ್ಲ. ಸಂಜೆ ಶಿಫ್ಟು ಮುಗಿದ ಮೇಲೆ ಕ್ರೇನ್ ಆಪರೇಟರ್ ಮಂಜಯ್ಯ ಎಂಬವರು ಮೈದಾನದ ಮೂಲೆಯಲ್ಲಿ ಹ್ಯಾಮರ್ ಎಸೆಯುತ್ತಿದ್ದರು. ಅವರು ಹಿಂದೆ ಮಿಲಿಟರಿಯಲ್ಲಿದ್ದವರು. ಮಂಜು ಕವಿದ ದಿನ ಮನುಷ್ಯ ಕಾಣುತ್ತಿರಲಿಲ್ಲ. ಸರಿಗೆ ಗಾಳಿ ಸೀಳುವ ಸದ್ದು, ಆಮೇಲೊಂದು ಮೌನ, ಆಮೇಲೆ ದೂರದಲ್ಲೆಲ್ಲೋ ನೆಲ ಧಡ್ ಎನ್ನುವುದು, ಇಷ್ಟೇ ಕೇಳುತ್ತಿತ್ತು. ಹೈಸ್ಕೂಲಿನ ಶಾಂತಕುಮಾರಿ ಒಂದು ದಿನ ಧೈರ್ಯ ಮಾಡಿ ಹತ್ತಿರ ಹೋಗಿ, ತನಗೂ ಒಂದು ಸಲ ಕೊಡಿ ಎಂದಿದ್ದಳು.

"ಇದು ಹೆಣ್ಮಕ್ಕಳಿಗೆ ಇಲ್ಲಮ್ಮ," ಎಂದಿದ್ದರು ಮಂಜಯ್ಯ. ಗದರಿ ಹೇಳಿದ್ದಲ್ಲ, ಆ ಕಾಲಕ್ಕೆ ಇದ್ದದ್ದೇ ಹಾಗೆ. ಯಾವ ಕೂಟದಲ್ಲೂ ಹೆಂಗಸರಿಗೆ ಆ ಸ್ಪರ್ಧೆ ಇರಲಿಲ್ಲ. "ನಿನ್ನ ಭುಜ ಚೆನ್ನಾಗಿದೆ. ಡಿಸ್ಕಸ್ ತಗೋ."

ಡಿಸ್ಕಸ್ ಅವಳನ್ನು ದೂರ ಕರೆದುಕೊಂಡು ಹೋಯಿತು. ವಿಶ್ವವಿದ್ಯಾಲಯದ ಪದಕ ಬಂತು, ದೈಹಿಕ ಶಿಕ್ಷಣದ ಡಿಗ್ರಿ ಬಂತು, ಮೂಡಿಗೆರೆಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಹಾರ್ಡ್‌ವೇರ್ ಅಂಗಡಿಯ ಪ್ರಸನ್ನಕುಮಾರರ ಜೊತೆ ಮದುವೆಯೂ ಆಯಿತು. ಮಗಳು ಹುಟ್ಟಿ ಒಂದೆರಡು ವರ್ಷಕ್ಕೆ ಬೆನ್ನುಮೂಳೆಯ ಡಿಸ್ಕ್ ಜಾರಿತು. "ಡಿಸ್ಕಸ್ ಎಸೆದು ಎಸೆದು ಸ್ವಂತ ಡಿಸ್ಕನ್ನೇ ಎಸೆದಿದ್ದೀರಿ," ಎಂದು ಡಾಕ್ಟರು ನಗಿಸಲು ನೋಡಿ, ಇನ್ನು ಮೈ ತಿರುಚುವ ಕೆಲಸ ಬೇಡ ಎಂದು ಕಟ್ಟುನಿಟ್ಟು ಮಾಡಿದರು. ಮುಂದಿನ ವರ್ಷವೇ ಕಾಲೇಜುಗಳ ಕ್ರೀಡಾಕೂಟದಲ್ಲಿ ಹುಡುಗಿಯರಿಗೂ ಹ್ಯಾಮರ್ ಬಂತು. ಶಾಂತಕುಮಾರಿಯವರು ಸುತ್ತೋಲೆ ಓದಿ, ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಕಾಲೇಜಿಗೊಂದು ಹ್ಯಾಮರ್ ತರಿಸಿದರು.

ಸುತ್ತಲೂ ಬಲೆ ಇಲ್ಲದೆ ಹ್ಯಾಮರ್ ಎಸೆಯುವ ಹಾಗಿಲ್ಲ. ಪ್ರಸನ್ನಕುಮಾರರು ತಮ್ಮ ಅಂಗಡಿಯ ಪೈಪುಗಳನ್ನು ನೆಡಿಸಿ, ಮಂಗಳೂರಿನ ಬಂದರಿನಿಂದ ಹಳೆಯ ಮೀನಿನ ಬಲೆ ತರಿಸಿ ಕಟ್ಟಿಸಿದರು. ಮೊದಲ ಮಳೆಗಾಲ ಮುಗಿಯುವ ತನಕ ಮೀನಿನ ವಾಸನೆಗೆ ಊರಿನ ನಾಯಿ ಬೆಕ್ಕುಗಳೆಲ್ಲ ಆ ಬಲೆಯ ಬುಡದಲ್ಲೇ. ಬಸ್ಸಿನಲ್ಲಿ ಹ್ಯಾಮರ್ ಒಯ್ದರೆ ಕಂಡಕ್ಟರು ಇದು ಎಂತದ್ದು ಎಂದು ಕೇಳಿ, ಹೇಳಿದರೂ ನಂಬದೆ, ಲಗೇಜಿನ ಟಿಕೆಟ್ ಹರಿಯುತ್ತಿದ್ದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ಮಕ್ಕಳು, ಸಣ್ಣ ಹಿಡುವಳಿಯ ಬೆಳೆಗಾರರ ಮಕ್ಕಳು, ಕೂಲಿಯವರ ಲೈನುಮನೆಗಳಿಂದ ಬಂದವರು, ಎಲ್ಲರೂ ಆ ಬಲೆಯೊಳಗೆ ಸುತ್ತು ಹಾಕಿದರು. ಮೇಡಂ ಹೊರಗೆ ನಿಂತು ಹೇಳುತ್ತಿದ್ದರು: "ಅದನ್ನ ಎಳೀಬೇಡಿ, ಅದೇ ನಿಮ್ಮನ್ನ ಎಳೀಲಿ. ಮೂರನೇ ಟರ್ನಿಗೆ ಬಂದಾಗ ಕಿವಿ ಮುಚ್ಚಿಹೋಗ್ತದೆ, ಗುಡ್ಡ ತಾನೇ ತಿರುಗ್ತದೆ. ಆಗ ಬಿಡಿ." ಮಕ್ಕಳು ಪದಕ ತಂದರು. ಕಳಸದ ಹತ್ತಿರದ ಸಂಸೆಯಿಂದ ಬಂದ ಗಗನಾ ರಾಜ್ಯಕ್ಕೇ ಮೊದಲಿಗಳಾಗಿ ಅಖಿಲ ಭಾರತ ಕೂಟಕ್ಕೂ ಹೋದಳು.

ನಿವೃತ್ತಿಗೆ ಇನ್ನೇನು ಕೆಲವೇ ತಿಂಗಳಿದ್ದಾಗ, ಮಳೆ ಹಿಂದೆಗೆದು ಕಾಫಿ ಹಣ್ಣಿಗೆ ಕೆಂಪು ಏರುತ್ತಿದ್ದ ಒಂದು ಬೆಳಿಗ್ಗೆ, ಮೋಹಿತ್ ಎಂಬ ಮೊದಲ ವರ್ಷದ ಹುಡುಗ ಸುಮ್ಮನೆ ಕೇಳಿದ.

"ಮೇಡಂ, ನಿಮ್ಮ ಬೆಸ್ಟ್ ಎಷ್ಟು?"

"ಡಿಸ್ಕಸ್‌ನಲ್ಲಾ?"

"ಅಲ್ಲ, ಹ್ಯಾಮರ್‌ನಲ್ಲಿ."

"ನಾನು ಹ್ಯಾಮರ್ ಎಸ್ದೇ ಇಲ್ಲ ಮಾರಾಯ."

ಅವನಿಗೆ ಅರ್ಥವಾಗಲಿಲ್ಲ. "ಮತ್ತೆ ಮೂರನೇ ಟರ್ನಲ್ಲಿ ಗುಡ್ಡ ತಿರುಗ್ತದೆ, ಕಿವಿ ಮುಚ್ಚಿಹೋಗ್ತದೆ ಅಂತೆಲ್ಲ ಹೇಳ್ತೀರಲ್ಲ?"

"ಅದು ಕನಸಲ್ಲಿ ಕಂಡದ್ದು."

ಮೋಹಿತ್ ಕೈಯಲ್ಲಿದ್ದ ಹಿಡಿಯನ್ನು ನೋಡುತ್ತ ಹೇಳಿದ: "ನಂಗೆ ಒಂದು ಸಲನೂ ಹಾಗೆ ಆಗ್ಲಿಲ್ಲ ಮೇಡಂ. ನಾನೇ ಏನೋ ತಪ್ಪು ಮಾಡ್ತಿದ್ದೇನೆ ಅಂದ್ಕೊಂಡಿದ್ದೆ."

ಆ ಮಾತು ಇಡೀ ದಿನ ಅವರ ಬೆನ್ನು ಬಿಡಲಿಲ್ಲ. ಸಂಜೆ ಮನೆಗೆ ಬಂದವರೇ ಗಗನಾಗೆ ಫೋನ್ ಮಾಡಿದರು. ಗಗನಾ ಈಗ ಸಂಸೆಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್.

"ನಿಂಗೆ ಆಗಿತ್ತಾ? ಮೂರನೇ ಟರ್ನಲ್ಲಿ, ನಾನು ಹೇಳ್ತಿದ್ದದ್ದು?"

"ಇಲ್ಲ ಮೇಡಂ," ಎಂದಳು ಗಗನಾ. "ಆಗ್ತದೆ ಅಂತ ಕಾಯ್ತಾ ಇದ್ದೆ."

"ಹಾಗಾದ್ರೆ ಅಲ್ಲಿ ಏನಾಗ್ತದೆ?"

"ಅದು ಹೇಳ್ಲಿಕ್ಕೆ ಬರೂದಿಲ್ಲ. ಭಾನುವಾರ ಬರ್ತೇನೆ. ನೀವೇ ಎಸ್ದು ನೋಡಿ."

ಪ್ರಸನ್ನಕುಮಾರರು ಬೇಡ ಎನ್ನಲಿಲ್ಲ, ಬೆನ್ನಿನ ಡಾಕ್ಟರಿಗೆ ತೋರಿಸಿಯೇ ಮುಂದಿನ ಮಾತು ಎಂದರು. ಚಿಕ್ಕಮಗಳೂರಿನ ಡಾಕ್ಟರು ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಬೆಳಕಿಗೆ ಹಿಡಿದು, ಗಾಯ ಮಾಗಿ ಎಷ್ಟೋ ಕಾಲವಾಗಿದೆ, ಹೆದರಿಕೆಯೊಂದು ಮಾಗಿಲ್ಲ ಎಂದರು. ಒಂದಷ್ಟು ವ್ಯಾಯಾಮ ಹೇಳಿಕೊಟ್ಟು, ಅದು ಮೈಗೆ ಹಿಡಿಯುವ ತನಕ ಗುಂಡು ಮುಟ್ಟಬೇಡಿ ಎಂದರು.

ಗಗನಾ ಪ್ರತಿ ಭಾನುವಾರ ಕಳಸದಿಂದ ಮೊದಲ ಬಸ್ಸು ಹಿಡಿದು ಬರತೊಡಗಿದಳು. ಮೊದಮೊದಲು ಹ್ಯಾಮರ್ ಇಲ್ಲ, ಬರಿಗೈ ಸುತ್ತು. ಹಿಮ್ಮಡಿ, ಹೆಬ್ಬೆರಳು, ಮತ್ತೆ ಹಿಮ್ಮಡಿ. ಮಂಜಿನೊಳಗೆ ಒಬ್ಬ ಹಿರಿಯ ಹೆಂಗಸು ಕೈ ಚಾಚಿಕೊಂಡು ಮೆಲ್ಲಗೆ ತಿರುಗುವುದನ್ನು ಹಾಲು ಹಾಕಲು ಹೋಗುತ್ತಿದ್ದವರು ಬೇಲಿಯಾಚೆ ನಿಂತು ನೋಡಿ, ಏನೂ ಕೇಳದೆ ಮುಂದೆ ಹೋಗುತ್ತಿದ್ದರು. ಶಾಂತಕುಮಾರಿಯವರಿಗೆ ತಾನು ಯಾವ ಮೈದಾನದಲ್ಲಿದ್ದೇನೆ ಎಂಬುದು ಕೆಲವೊಮ್ಮೆ ಮರೆತುಹೋಗುತ್ತಿತ್ತು. ತಿರುಗುತ್ತಿರುವ ಕಾಲು ಹದಿನೈದರ ಹುಡುಗಿಯದೋ ತನ್ನದೋ ತಿಳಿಯುತ್ತಿರಲಿಲ್ಲ. ತೋಟದ ಕಡೆಯಿಂದ ಒದ್ದೆ ಎಲೆಯ ವಾಸನೆ ಬರುತ್ತಿತ್ತು. ತಿರುಗಿದಂತೆಲ್ಲ ವಾಸನೆಯೂ ತಿರುಗುತ್ತಿತ್ತು.

ಕಾಫಿ ಕೊಯ್ಲು ಮುಗಿದು ಕಣದಲ್ಲಿ ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಬೀಜ ಒಣಗುತ್ತಿದ್ದ ಹೊತ್ತಿಗೆ ಗಗನಾ ಶಾಂತಕುಮಾರಿಯವರ ಎಡಗೈಗೆ ಚರ್ಮದ ಗ್ಲೌಸ್ ಹಾಕಿ, ಹಿರಿಯರಿಗೆಂದೇ ಮಾಡಿದ ಹಗುರ ಹ್ಯಾಮರನ್ನು ಕೊಟ್ಟಳು. ಹಗುರ ಎಂಬುದು ಮಾತಿಗೆ. ತಲೆಯ ಮೇಲೆ ಎರಡು ಸಲ ಬೀಸಿ ಮೊದಲ ಸುತ್ತಿಗೆ ತಿರುಗಿದ್ದೇ ತಡ, ಕೊಟ್ಟಿಗೆಯಿಂದ ಬಿಟ್ಟ ಕರು ಹಗ್ಗ ಜಗ್ಗಿದ ಹಾಗೆ ಗುಂಡು ಜಗ್ಗಿತು. ಶಾಂತಕುಮಾರಿಯವರು ಕೈಬಿಟ್ಟರು. ಗುಂಡು ಬಲೆಗೆ ಬಡಿದು ಕಾಲ ಬುಡದಲ್ಲೇ ಬಿತ್ತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಹಿಡಿ ಹಿಡಿದುಕೊಂಡು ವೃತ್ತದ ನಡುವೆ ನಿಂತವರು ಬೀಸಲೇ ಇಲ್ಲ.

"ಗಗನಾ, ಅಖಿಲ ಭಾರತ ಕೂಟದಲ್ಲಿ ನಿನ್ನ ಮೂರೂ ಎಸೆತ ಫೌಲ್ ಆಯ್ತಲ್ಲ. ನೀನು ಹೆದರಿದೆ ಅಂತ ಬಯ್ದಿದ್ದೆ ನಾನು."

"ಹೌದು ಮೇಡಂ."

"ಇದಕ್ಕೆ ಹೆದರದೆ ಇರೋದು ಹೇಗೆ?"

ಗಗನಾ ಬಲೆಯ ದಾರಕ್ಕೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದಳು. "ಹೆದರಿಕೆ ಹೋಗೂದಿಲ್ಲ," ಎಂದಳು. "ಅದನ್ನೂ ಸೇರಿಸ್ಕೊಂಡೇ ಸುತ್ತೂದು. ನೀವು ಬಯ್ದದ್ದು ಬೇಜಾರಾಗಿತ್ತು. ಆದ್ರೆ ವಾಪಸ್ ಬರುವಾಗ ರೈಲಲ್ಲಿ ನನ್ನ ತಲೆ ನಿಮ್ಮ ತೊಡೆ ಮೇಲೇ ಇತ್ತು, ನೆನಪುಂಟಾ?"

ಶಾಂತಕುಮಾರಿಯವರಿಗೆ ನೆನಪಿರಲಿಲ್ಲ. ನೆನಪಿಸಿಕೊಳ್ಳಲು ಯತ್ನಿಸುತ್ತ, ಆ ಹುಡುಗಿಯ ತಲೆಯ ಭಾರವನ್ನು ತೊಡೆಯ ಮೇಲೆ ಹುಡುಕುತ್ತ, ಬೀಸಲು ಶುರುಮಾಡಿದರು.

ಆ ದಿನ ಆಗಲಿಲ್ಲ. ಮುಂದಿನ ಭಾನುವಾರವೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ, ಹಿಂದಿನ ವಾರದ ಹೂಮಳೆಗೆ ಪಕ್ಕದ ಎಸ್ಟೇಟೆಲ್ಲ ಬೆಳ್ಳಗೆ ಅರಳಿ, ಅದರ ಘಮ ಮೈದಾನದ ಮೇಲೆ ಹಾಸಿಕೊಂಡಿದ್ದಾಗ, ಮೊದಲ ಸುತ್ತಿನಲ್ಲಿ ಗುಂಡು ಜಗ್ಗಿದರೂ ಅವರು ಬಿಡಲಿಲ್ಲ. ಕುರ್ಚಿಯ ಮೇಲೆ ಕೂರುವವರ ಹಾಗೆ ಹಿಂದಕ್ಕೆ ಒರಗಿ, ಕೈಯನ್ನು ಅದು ಕೇಳಿದಷ್ಟು ಉದ್ದಕ್ಕೆ ಕೊಟ್ಟರು. ಎರಡನೆಯ ಸುತ್ತಿನಲ್ಲಿ ಹೂವಿನ ಬಿಳುಪು, ಬಲೆಯ ಕಪ್ಪು, ಆಕಾಶ ಎಲ್ಲ ಕಲಸಿಹೋದವು. ಮೂರನೆಯದರಲ್ಲಿ ಅದ್ಯಾವುದೂ ಉಳಿಯಲಿಲ್ಲ. ಗುಡ್ಡಗಳಿರಲಿಲ್ಲ. ಸದ್ದು ನಿಂತಿರಲಿಲ್ಲ, ಕಿವಿಯ ತುಂಬ ಗಾಳಿ ಭೋರ್ಗರೆಯುತ್ತಿತ್ತು. ಕಣ್ಣೆದುರು ಇದ್ದದ್ದು ಗುಂಡೊಂದೇ. ಸರಿಗೆಯ ಆಚೆ ತುದಿಯಲ್ಲಿ ಅದು ಅಲುಗಾಡದೆ ನಿಂತು, ಎದುರು ಕೂತ ಆಪ್ತರ ಹಾಗೆ ಅವರನ್ನೇ ನೋಡುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಬಹುದಿತ್ತು ಎಂದು ಅನ್ನಿಸುತ್ತಿರುವಾಗಲೇ ಬೆರಳುಗಳು ಬಿಚ್ಚಿಕೊಂಡವು.

ಹ್ಯಾಮರ್ ಬಲೆಯ ಬಾಯಿ ದಾಟಿ ಮಂಜಿನೊಳಗೆ ಹೋಯಿತು. ಧಡ್ ಎಂದು ಬಿತ್ತು. ಅಂಥ ದೂರವೇನೂ ಅಲ್ಲ. ಮೋಹಿತ್ ಎಸೆಯುವುದರ ಅರ್ಧಕ್ಕೂ ಕಮ್ಮಿ. ಶಾಂತಕುಮಾರಿಯವರು ವೃತ್ತದಲ್ಲೇ ಕೂತುಬಿಟ್ಟರು. ತಲೆ ಸುತ್ತು ನಿಂತ ಮೇಲೂ ಏಳುವ ಮನಸ್ಸಾಗಲಿಲ್ಲ. ಗಗನಾ ಒಳಗೆ ಬಂದು ಪಕ್ಕದಲ್ಲೇ ಕೂತಳು.

ಸೋಮವಾರ ಮೋಹಿತ್‌ನನ್ನು ಕರೆದು ಹೇಳಿದರು: "ನಾನು ಹೇಳಿದ್ದು ತಪ್ಪು ಮಾರಾಯ. ಗುಡ್ಡ ಕಾಣೂದಿಲ್ಲ. ಗುಂಡು ಮಾತ್ರ ಕಾಣ್ತದೆ."

"ಹೌದು ಮೇಡಂ, ನಂಗೂ ಅಷ್ಟೇ," ಎಂದ ಅವನು. ಅವನ ಮುಖ ಅಷ್ಟು ಹಗುರಾದದ್ದನ್ನು ಅವರು ಹಿಂದೆ ನೋಡಿರಲಿಲ್ಲ. ಆ ತಿಂಗಳಲ್ಲೇ ಅವನ ಎಸೆತ ಉದ್ದವಾಗತೊಡಗಿತು. ಕನಸು ಮತ್ತೆ ಬರಲಿಲ್ಲ. ಬಾರದೆ ಹೋದದ್ದಕ್ಕೆ ಶಾಂತಕುಮಾರಿಯವರಿಗೆ ಕೆಲವು ದಿನ ಕಸಿವಿಸಿಯಾಯಿತು, ಮನೆಯಲ್ಲಿ ಬಹುಕಾಲ ಇದ್ದ ನೆಂಟರು ಹೊರಟುಹೋದಾಗ ಆಗುವ ಹಾಗೆ.

ನಿವೃತ್ತಿಯಾದ ವರ್ಷ ಮೈಸೂರಿನಲ್ಲಿ ಹಿರಿಯರ ಕ್ರೀಡಾಕೂಟಕ್ಕೆ ಗಗನಾ ತನ್ನ ಮೇಡಂ ಹೆಸರು ಕೊಟ್ಟಳು. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದು, ಮೈದಾನದ ಮೂಲೆಯ ಮರೆಯಲ್ಲಿ ಟ್ರ್ಯಾಕ್ ಪ್ಯಾಂಟಿಗೆ ಬದಲಾಗುವ ಹೆಂಗಸರು ಎಷ್ಟೊಂದು ಮಂದಿ. ಧಾರವಾಡದ ಕಡೆಯ ಸಿದ್ದಮ್ಮ ಎಂಬಾಕೆ ಎಲ್ಲರಿಗೂ ಶೇಂಗಾ ಉಂಡೆ ಹಂಚಿ, ಒಂದೇ ಸುತ್ತು ಹಾಕಿ, ಎಲ್ಲರಿಗಿಂತ ದೂರ ಎಸೆದರು. ಶಾಂತಕುಮಾರಿಯವರ ಮೊದಲ ಎಸೆತ ಬಲೆಗೆ ಹೋಯಿತು, ಉಳಿದವು ನೆಟ್ಟಗೆ ಬಿದ್ದವು. ಪದಕ ಬರಲಿಲ್ಲ.

"ಛಲೋ ತಿರಗತೀರಿ," ಎಂದರು ಸಿದ್ದಮ್ಮ, ಉಂಡೆಯ ಡಬ್ಬಿ ಮುಂದೆ ಹಿಡಿದು. "ಯಾರು ಕಲಿಸ್ಯಾರ್ರಿ?"

"ಇವಳು," ಎಂದರು ಶಾಂತಕುಮಾರಿ.

ಗಗನಾ ಬಗ್ಗಿ ಬಿಚ್ಚಿಹೋಗದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಸಿದ್ದಮ್ಮ ಅವಳ ಕೈಗೂ ಒಂದು ಉಂಡೆ ಇಟ್ಟರು. ಮೈಕಿನಲ್ಲಿ ಮುಂದಿನ ಸ್ಪರ್ಧೆಗೆ ಎಪ್ಪತ್ತು ದಾಟಿದವರನ್ನು ಕರೆಯುತ್ತಿದ್ದರು.