ಎಚ್ಚರಿಕೆ ಮುಟ್ಟಿದ ಮನೆಗಳು

“ಏಳನೇತ್ತ ಕಲ್ತೇನಿ ಅಂತ ಭಾಳ ಮೆರಿಬ್ಯಾಡಲೇ ಮಜೀದ್ಯಾ. ಇದೇನು ಪರೀಕ್ಷಿ ಅಲ್ಲ. ಒಂಬತ್ತನೇ ಪ್ರಶ್ನಿಗೆ ‘ಇಲ್ಲ’ ಅಂತ ಟಿಕ್ ಹೊಡಿ, ಸಹಿ ಹಾಕು, ಮನಿಗೆ ನಡಿ. ಅಷ್ಟೂ ತಿಳಿಯೂದಿಲ್ಲೇನ್ ಬಾಡ್ಯಾ?”

ಹೇಮಂತ ಇದನ್ನು ಬಮ್ಮಿಗಟ್ಟಿ ಪಂಚಾಯ್ತಿಯ ಬಾಗಿಲಲ್ಲಿ ನಿಂತು, ಅಬ್ದುಲಮಜೀದನ ಕಿವಿಗೆ ಬಾಯಿ ಹಚ್ಚಿ ಹೇಳಿದ. ಒಳಗೆ ಕುಳಿತ ಸಾಹೇಬರಿಗೆ ಬೈಗುಳ ಕೇಳಿಸಬಾರದು ಎಂಬಷ್ಟು ಮರ್ಯಾದೆ ಅವನಲ್ಲಿತ್ತು. ಈ ಕಡೆಯ ಹಳ್ಳಿಗಳ ಆಳುಗಳನ್ನು ಘಟ್ಟದ ಕೆಳಗಿನ ಬಂದರಿಗೆ ಒಯ್ದು ಮೀನಿನ ಬೋಟಿಗೆ ಹತ್ತಿಸುವುದು ಅವನ ಕಸುಬು. ಹತ್ತಿಸುವುದಷ್ಟೇ. ಇಳಿಸಿಕೊಂಡು ಬರುವ ಜವಾಬ್ದಾರಿಯನ್ನು ಅವನೂ ಹೊತ್ತಿರಲಿಲ್ಲ, ಬೋಟಿನ ಮಾಲಕನೂ ಹೊತ್ತಿರಲಿಲ್ಲ. ಈ ಸಲ ಬಮ್ಮಿಗಟ್ಟಿಯಿಂದ ಮೂವರು ಹೋಗಿದ್ದರು. ಮಜೀದ ಮತ್ತು ರಾಮಪ್ಪ ತಿರುಗಿ ಬಂದರು. ಫಕೀರೇಶ ಬರಲಿಲ್ಲ. ಅವನ ಹೆಣವೂ ಬರಲಿಲ್ಲ.

ಮಜೀದ ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತ. ಬಂದಾಗಿನಿಂದ ಅವನಿಗೆ ಜಗಳಕ್ಕೆ ಮೈ ಏಳುತ್ತಿರಲಿಲ್ಲ. ಉಂಡರೂ ದಣಿವು, ಮಲಗಿದರೂ ದಣಿವು.

ಸಾಹೇಬರು ಕರಾವಳಿಯವರು, ಬಿರುಗಾಳಿಯ ಸುದ್ದಿಯನ್ನು ಬೋಟಿನವರಿಗೆ ಮುಟ್ಟಿಸುವ ಕಚೇರಿಯವರು. ಘಟ್ಟ ಹತ್ತುವಾಗ ಜೀಪಿನಿಂದ ಎರಡು ಕಡೆ ಇಳಿದು ವಾಂತಿ ಮಾಡಿಕೊಂಡು ಬಂದಿದ್ದರು. ಈಗಲೂ ಕೈಯಲ್ಲೊಂದು ಲಿಂಬೆಹಣ್ಣು ಹಿಡಿದು ಆಗಾಗ ಮೂಸುತ್ತಿದ್ದರು. ಅವರ ಹಿಂದೆ ಗೋಡೆಗೆ ದೊಡ್ಡ ಬ್ಯಾನರು ಕಟ್ಟಿತ್ತು: ‘ಕಡಲಿಗಿಳಿಯುವವರಿಗೆ ಸುಧಾರಿತ ಹವಾಮಾನ ಎಚ್ಚರಿಕೆ. ನಿಮ್ಮ ಅಭಿಪ್ರಾಯವೇ ನಮ್ಮ ದಾರಿ.’ ಅಕ್ಷರದ ಕೆಳಗೆ ಕೆಂಪು ಬಾವುಟದ ಬೋಟೊಂದು ದಡಕ್ಕೆ ಬರುತ್ತಿತ್ತು. ಅದರಲ್ಲಿ ನಿಂತವರು ಮದುವೆ ಮನೆಗೆ ಹೊರಟವರ ಹಾಗೆ ನಗುತ್ತಿದ್ದರು. ಫೋಟೊದಲ್ಲಿ ಸಭೆ ತುಂಬಿ ಕಾಣಲೆಂದು ಊರ ಹೆಂಗಸರನ್ನೂ ಕರೆತಂದು ಕೂರಿಸಿದ್ದರು. ಆ ಗುಂಪಿನಲ್ಲಿ ಫಕೀರೇಶನ ಹೆಂಡತಿ ಮಹಾಲಕ್ಷ್ಮಿ ಇದ್ದಳು, ಮಜೀದನ ತಾಯಿ ಹಲೀಮಾಬಿಯೂ ಇದ್ದಳು.

“ಇನ್ನು ಮುಂದೆ ಬರೀ ಮೆಸೇಜು ಕಳಿಸೋದಿಲ್ಲ,” ಸಾಹೇಬರು ಹೇಳಿದರು. “ಪ್ರತಿ ಬೋಟಿಗೂ ಒಂದು ಯಂತ್ರ ಕೊಡ್ತೀವಿ. ಅಪಾಯ ಬಂದಾಗ ಅದೇ ಕೂಗುತ್ತೆ. ಯಾವ ಸದ್ದು ಬೇಕು ಅಂತ ನೀವೇ ಹೇಳಬೇಕು.”

ಮೊಬೈಲು ಒತ್ತಿದರು. ಮೊದಲು ಒಂದು ಸೀಟಿ ಊದಿತು. ಆಮೇಲೆ ಏನೋ ಬೊಬ್ಬೆ ಹೊಡೆಯಿತು.

“ಇದು ಕಲಘಟಗಿ ಬಸ್ಸಿನ ಹಾರ್ನ್ ಆತ್ರಿ,” ಎಂದಳು ಗುಂಪಿನಲ್ಲಿದ್ದ ಸಣ್ಣವ್ವ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಾಹೇಬರು ಅದನ್ನೂ ಬರೆದುಕೊಂಡರು.

“ಈ ಸದ್ದು ಕೇಳಿದ ಕೂಡಲೆ ನೀವು ದಡಕ್ಕೆ ಓಡಿ ಬರ್ತೀರಾ?”

“ಓಡಾಕ ಅಲ್ಲಿ ನೆಲಾ ಎಲ್ಲಿರ್ತತ್ರಿ?” ಎಂದ ರಾಮಪ್ಪ.

ಸಾಹೇಬರು ಲಿಂಬೆಹಣ್ಣು ಮೂಸಿದರು. ಬೈಯುವಾಗಲೂ ಅವರ ದನಿ ಮೆತ್ತಗೇ ಇತ್ತು. “ನಿಮ್ಮ ತಪ್ಪಲ್ಲ ಬಿಡಿ. ಮಣ್ಣಿನ ಜನ ನೀವು, ಮೋಡ ಕಂಡ್ರೆ ಕುಣೀತೀರಿ,” ಎಂದು ಪಂಚಾಯ್ತಿ ಕಾರ್ಯದರ್ಶಿಯ ಕಡೆ ತಿರುಗಿ, “ಇಂಥ ದನಗಳನ್ನ ತಂದು ಬೋಟಿಗೆ ಹತ್ತಿಸಿದ್ರೆ ಇನ್ನೇನಾಗುತ್ತೆ ಹೇಳಿ,” ಎಂದರು. ಕಾರ್ಯದರ್ಶಿ ಹೌದೆಂದು ತಲೆಯಾಡಿಸಿದ. ದನಗಳು ಎದುರಿಗೇ ಕುಳಿತು ಕೇಳಿಸಿಕೊಂಡವು.

ಮಜೀದನಿಗೆ ಸಿಟ್ಟು ಬರಲಿಲ್ಲ. ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು, ಅವರನ್ನು ಕರೆಯುತ್ತಿದ್ದದ್ದೇ ‘ಗದ್ದೆ ಎಮ್ಮೆಗಳು’ ಎಂದು. ಸಾಹೇಬರ ಮಾತಿನಲ್ಲಿ ಒಂದು ಚೂರು ನಿಜವೂ ಇತ್ತು. ಅವನನ್ನು ತಿನ್ನುತ್ತಿದ್ದದ್ದು ಆ ಚೂರೇ.

ಬಿರುಗಾಳಿ ಬಂದ ದಿನ ಸಂಜೆ ಬೋಟಿನಿಂದ ದೂರದಲ್ಲಿ ಗುಡ್ಡದ ಸಾಲು ಕಾಣುತ್ತಿತ್ತು. ಗುಡ್ಡ ಕಂಡರೆ ಫೋನಿಗೆ ಸಿಗ್ನಲ್ ಬಂತೆಂದೇ ಲೆಕ್ಕ. ಮೂವರ ಫೋನುಗಳನ್ನೂ ಮುಂದಿಟ್ಟುಕೊಂಡು ಓದಿ ಹೇಳುವುದು ಮಜೀದನ ಕೆಲಸ. ಉಳಿದಿಬ್ಬರಿಗೆ ಅಕ್ಷರ ಅಷ್ಟಕ್ಕಷ್ಟೆ. ಮೂವರ ನಂಬರುಗಳೂ ಬಂದರಿನಲ್ಲಿ ಮೀನುಗಾರರೆಂದೂ, ಅದಕ್ಕೂ ಮೊದಲೇ ಊರಲ್ಲಿ ರೈತರೆಂದೂ ನೋಂದಣಿಯಾಗಿದ್ದವು. ಹಾಗಾಗಿ ಸಮುದ್ರದ ನಡುವೆಯೂ ಹೊಲದ ಸುದ್ದಿ ಬರುತ್ತಿತ್ತು: ಔಷಧಿ ಹೊಡೆಯಬೇಡಿ, ಗೊಬ್ಬರ ಹಾಕಿ. ಬಲೆ ಎಳೆದು ಅಂಗೈ ಸುಲಿದುಕೊಂಡವರು ಅದನ್ನು ಕೇಳುತ್ತ, ಬಮ್ಮಿಗಟ್ಟಿಯ ಬದುವಿನ ಮೇಲೆ ಕುಳಿತವರಂತೆ ವಾದ ಮಾಡುತ್ತಿದ್ದರು.

ಅಂದು ಎರಡು ಮೆಸೇಜು ಒಟ್ಟಿಗೆ ಬಂದಿದ್ದವು. ಒಂದು ರೈತರಿಗೆ: ನಾಳೆ ನಾಡಿದ್ದು ಭಾರಿ ಮಳೆ, ಕೊಯ್ದ ಬೆಳೆ ಜೋಪಾನ. ಇನ್ನೊಂದು ಮೀನುಗಾರರಿಗೆ: ಬಿರುಗಾಳಿ, ಕಡಲಲ್ಲಿರುವವರು ಕೂಡಲೇ ದಡಕ್ಕೆ ಬನ್ನಿ. ಯಾವುದನ್ನು ಮೊದಲು ಓದಬೇಕೆಂದು ಮಜೀದ ಯೋಚಿಸಲೂ ಇಲ್ಲ. ಎತ್ತು ತನ್ನ ಕೊಟ್ಟಿಗೆಯ ಕಡೆಗೆ ತಿರುಗುವ ಹಾಗೆ ಕಣ್ಣು ಹೊಲದ ಕಡೆಗೇ ತಿರುಗಿತು. ಊರಲ್ಲಿ ಆಗಷ್ಟೇ ಭತ್ತ ಕೊಯ್ದು ಹಾಕಿದ್ದರು. ಮೂವರೂ ಫೋನು ಕಿತ್ತುಕೊಂಡು ಮನೆಗೆ ಹಚ್ಚಿದರು.

ಫಕೀರೇಶ ಇಂಜಿನ್ನಿನ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಕೂಗುತ್ತಿದ್ದ. “ತಾಡಪತ್ರಿ ಅಟ್ಟದ ಮ್ಯಾಲೈತಿ. ಈಗಿಂದೀಗ ಬಣವಿ ಮುಚ್ಚು. ಓಣ್ಯಾಗ ಎಲ್ಲಾರಿಗೂ ಹೇಳು. ನಗ್ತಾರು, ನಗಲಿ ಬಿಡು. ನೀ ಹೇಳು.”

ಎರಡನೆಯ ಮೆಸೇಜು ಓದಿದ್ದು ಆಮೇಲೆ. ಅದನ್ನು ಕೇಳಿ ಫಕೀರೇಶನೇ ಮೊದಲು ತಾಂಡೇಲನ ಬಳಿಗೆ ಓಡಿದ. ತಾಂಡೇಲ ಬೈದ, ಆದರೂ ಮಾಲಕನಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಮಾಲಕನ ಮಾತು ಎಲ್ಲರಿಗೂ ಕೇಳಿಸಿತು.

“ಅವ್ರು ದಿನಾ ಕಳಿಸ್ತಾರೆ ಮಾರಾಯಾ. ಮೀನು ಸಿಗ್ತಾ ಉಂಟಲ್ಲ? ಇನ್ನೆರಡು ಬಲೆ ಎಳ್ದು ಬನ್ನಿ. ಖಾಲಿ ಬಂದ್ರೆ ನನ್ನ ಬಂದರಿಗೆ ಕಾಲಿಡ್ಬೇಡ.”

ಆಕಾಶ ಆಗ ತೊಳೆದಿಟ್ಟ ಪರಾತದಂತೆ ಸ್ವಚ್ಛವಾಗಿತ್ತು. ಒಂದು ಬಲೆ ಎಳೆದರು. ಎರಡನೆಯದು ಅರ್ಧ ಮೇಲೆ ಬಂದಾಗ ಗಾಳಿ ಬಂತು. ಫಕೀರೇಶ ಬೋಟಿನ ಹಿಂದುಗಡೆ ಹಗ್ಗ ಹಿಡಿದಿದ್ದ. ಬೋಟು ಮಗುಚಿತು. ತಾಂಡೇಲನೂ ಹೋದ, ಅವನೂ ಹೋದ. ಮಜೀದ ಮತ್ತು ರಾಮಪ್ಪ ಡೀಸೆಲ್ ಕ್ಯಾನು ತಬ್ಬಿಕೊಂಡು ಬೆಳಗು ಮಾಡಿದರು.

ಮರುದಿನ ಮಳೆ ಸುರಿದರೂ ಬಮ್ಮಿಗಟ್ಟಿಯಲ್ಲಿ ಭತ್ತದ ಒಂದು ಕಾಳೂ ನೆನೆಯಲಿಲ್ಲ.

“ರಾಮಪ್ಪ,” ಎಂದು ಕಾರ್ಯದರ್ಶಿ ಕೂಗಿದ. ರಾಮಪ್ಪ ಹೋಗಿ, ಹೇಮಂತ ಬೆರಳಿಟ್ಟಲ್ಲಿ ಟಿಕ್ ಹಾಕಿ ಹೆಬ್ಬೆಟ್ಟು ಒತ್ತಿದ. ತಿರುಗಿ ಬಂದು ಮಜೀದನ ಪಕ್ಕದಲ್ಲಿ ಕುಳಿತ. ಅವನು ಮುಖ ನೋಡಲಿಲ್ಲ.

“ನನಗ ಸಾಕಾಗೇತಿ ಮಜೀದಭಾಯ್,” ಎಂದ ನೆಲಕ್ಕೆ. “ಮತ್ತ ಅದ ಮಾಲಕನ ಬೋಟಿಗೆ ಹೋಗಬೇಕು. ಬ್ಯಾರೆ ಯಾರು ಕರಿತಾರ?”

“ಇರಲಿ ಬಿಡೋ,” ಎಂದ ಮಜೀದ. ಅವನಿಗೆ ನಿಜಕ್ಕೂ ಬೇಸರವಿರಲಿಲ್ಲ. ರಾಮಪ್ಪನ ಅದೇ ಹೆಬ್ಬೆಟ್ಟು ಆ ರಾತ್ರಿಯಿಡೀ ಅವನ ಅಂಗಿ ಬಿಡದೆ ಹಿಡಿದಿತ್ತು.

ಅವನ ಸರದಿ ಬಂತು. ಫಾರ್ಮು ಓದಿದ. ಒಂಬತ್ತು: ಎಚ್ಚರಿಕೆ ತಮಗೆ ತಲುಪಿತ್ತೇ? ಹೌದು, ಇಲ್ಲ. ಹತ್ತು: ಹೌದಾದರೆ ಏಕೆ ಪಾಲಿಸಲಿಲ್ಲ? ಭಾಷೆ ಅರ್ಥವಾಗಲಿಲ್ಲ. ಬಣ್ಣದ ಸೂಚನೆ ತಿಳಿಯಲಿಲ್ಲ. ನಿರ್ಲಕ್ಷ್ಯ ಮಾಡಿದೆವು. ಅಲ್ಲಿಗೆ ಮುಗಿಯಿತು.

“ಇದರಾಗ ನಮ್ಮದು ಇಲ್ರಿ,” ಎಂದ.

“ಯಾವುದಿಲ್ಲ?”

“ಮಾಲಕ ಬ್ಯಾಡ ಅಂದ ಅನ್ನೂದು.”

ಸಾಹೇಬರು ಪೆನ್ನು ಕೆಳಗಿಟ್ಟರು. “ನೋಡಪ್ಪಾ, ಇದು ಎಚ್ಚರಿಕೆ ಕೊಡೋದನ್ನ ಸುಧಾರಿಸೋ ಸಭೆ. ಮಾಲೀಕರ ವಿಷಯ ನಮಗೆ ಬರೋದಿಲ್ಲ. ತಲುಪಿಲ್ಲ ಅಂತ ಹಾಕು. ಯಂತ್ರ ಮಂಜೂರಾಗುತ್ತೆ, ನಿಮಗೇ ಒಳ್ಳೇದು.”

“ತಲುಪಿತ್ತಲ್ರಿ. ನಾನ ಓದೇನಿ.”

ಮಜೀದ ‘ಹೌದು’ ಎಂದು ಟಿಕ್ ಹಾಕಿದ. ಹತ್ತರ ಕೆಳಗೆ ಇನ್ನೊಂದು ಚೌಕ ಬರೆದು, ಪಕ್ಕದಲ್ಲಿ ‘ಮಾಲಕ ಬ್ಯಾಡ ಅಂದ’ ಎಂದು ಬರೆದು ಅದಕ್ಕೂ ಟಿಕ್ ಹಾಕಿದ. ಸಾಹೇಬರು ನೋಡಿದರು, ಫಾರ್ಮು ಕೆಟ್ಟಿತೆಂದು ಹರಿದರು, ಹೊಸದು ಕೊಟ್ಟರು. ಮಜೀದ ಅದರಲ್ಲೂ ಚೌಕ ಬರೆದ. ಅದೂ ಹರಿಯಿತು. ಮೂರನೆಯದಕ್ಕೂ ಅವನು ಅದೇ ನಿಧಾನದಲ್ಲಿ, ಗೆರೆ ಸೊಟ್ಟಾಗದ ಹಾಗೆ ಚೌಕ ಬರೆಯತೊಡಗಿದಾಗ ಹೇಮಂತನ ಮರ್ಯಾದೆ ಮುಗಿಯಿತು.

“ಏ ಸೂಳಿಮಗನ, ನಾನೂ ಬಾಯಿ ಬಿಡ್ಲೇನು?” ಅವನು ಸಭೆಯ ಕಡೆ ತಿರುಗಿದ. “ಕೇಳ್ರಿ ಎಲ್ಲಾರೂ. ಸಿಗ್ನಲ್ ಇದ್ದ ಹೊತ್ತಿನಾಗ ಇವರು ತಾಂಡೇಲಗ ಹೇಳೂದು ಬಿಟ್ಟು ಭತ್ತದ ಮಾತು ಆಡ್ಕೋಂತ ಕುಂತಿದ್ರು. ಅದನ್ನೂ ಬರಿಸ್ಲೇನು? ಸತ್ತಾಂವನ ಹೆಸರಿಗೆ ಸೆಗಣಿ ಬಳಿಸ್ಲೇನು? ಅವನ ಹೆಂಡ್ತಿ ಇಲ್ಲೇ ಕುಂತಾಳ.”

ಮಜೀದನ ಪೆನ್ನು ನಿಂತಿತು. ಎರಡೂವರೆ ತಿಂಗಳು ಅವನು ಒಬ್ಬನೇ ಹೊತ್ತ ಮಾತು ಅದು. ಮಹಾಲಕ್ಷ್ಮಿಯ ಮನೆಯ ಮುಂದೆ ಹಾಯಬೇಕಾದೀತೆಂದು ಅವನು ಸುತ್ತು ಬಳಸಿ ಬಾವಿಗೆ ಹೋಗುತ್ತಿದ್ದದ್ದು ಅದಕ್ಕೇ.

ಮಹಾಲಕ್ಷ್ಮಿ ಎದ್ದು ನಿಂತಳು. ದನಿ ಏರಿಸಲಿಲ್ಲ. ಏರಿಸುವಷ್ಟು ಶಕ್ತಿ ಅವಳಲ್ಲೂ ಇರಲಿಲ್ಲ.

“ಹೌದ್ರಿ, ಆಡಿದ್ವಿ. ಫೋನಿನಾಗ ನಾನ ಅವರನ್ನ ತಡದು ಬಣವಿ ಬಿಗಿಯೂ ಹಗ್ಗ ಎಲ್ಲೈತಿ ಅಂತ ಕೇಳಿದ್ದೆ. ಗೋಡಿ ಮಾಡದಾಗ ಐತಿ ಅಂದ್ರು. ಒಂದು ಬೀಡಿ ಸೇದೂವಷ್ಟು ಹೊತ್ತು ಆತ್ರಿ. ಅದನ್ನೂ ಬರಕೋರಿ.” ಆಮೇಲೆ ಮಜೀದನನ್ನು ಕೇಳಿದಳು, “ಅಣ್ಣಾ, ಎರಡು ಸಲ ಬಲಿ ಎಳಿಯಾಕ ಎಷ್ಟು ಹೊತ್ತು ಬೇಕು?”

“ನಾಕು ತಾಸು,” ಎಂದ ಮಜೀದ.

“ದಡಕ್ಕ ಬರಾಕ?”

“ಎರಡು ತಾಸಿನಾಗ ಬರ್ತಿದ್ವಿ ತಂಗಿ.”

ಹೇಮಂತ ಬಾಗಿಲ ಕಡೆ ನೋಡಿದ. ಮಹಾಲಕ್ಷ್ಮಿ ಮೇಜಿನ ಬಳಿಗೆ ಬಂದಳು.

“ನನಗೂ ಒಂದು ಫಾರ್ಮ್ ಕೊಡ್ರಿ.”

“ನೀನು ಬೋಟಿನಲ್ಲಿ ಇದ್ದೆಯೇನಮ್ಮಾ?”

“ಇಲ್ರಿ. ಆದ್ರ ಎಚ್ಚರಿಕಿ ನನಗ ಮುಟ್ಟಿತ್ತು. ಮೋಡ ಇಲ್ಲದ ಆಕಾಶದ ಕೆಳಗ ಬಣವಿ ಮುಚ್ಚೇನಿ. ಓಣಿ ತುಂಬ ಹೇಳಿಕೋಂತ ತಿರಗೇನಿ.” ಅವಳು ಹಿಂದಕ್ಕೆ ಕೈ ತೋರಿದಳು. “ಇವರೆಲ್ಲಾರಿಗೂ ಮುಟ್ಟಿತ್ರಿ. ಒಂಬತ್ತನೇದಕ್ಕ ‘ಹೌದು’ ಅಂತ ನಾವು ಹಾಕತೇವಿ.”

“ಇದು ಮೀನುಗಾರರ ಫಾರ್ಮು. ನಿಮಗೆ ಕೊಡೋಕೆ ಬರೋದಿಲ್ಲ.” ಸಾಹೇಬರು ಮಜೀದನ ಮುಂದಿದ್ದ ಕಾಗದವನ್ನೂ ಎಳೆದುಕೊಂಡು, ಉಳಿದ ಫಾರ್ಮುಗಳ ಜತೆ ಚೀಲಕ್ಕೆ ತುರುಕಿ ಜಿಪ್ಪು ಎಳೆದರು. “ಸಭೆ ಮುಗೀತು.”

ಹೆಬ್ಬೆಟ್ಟಿನ ಮಸಿಡಬ್ಬಿ ಮಾತ್ರ ಮೇಜಿನ ಮೇಲೆ ತೆರೆದೇ ಇತ್ತು. ಮಹಾಲಕ್ಷ್ಮಿ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಹೆಬ್ಬೆರಳು ಅದ್ದಿದಳು. ಸಾಹೇಬರ ಕುರ್ಚಿಯ ಹಿಂದಕ್ಕೆ ಸುತ್ತಿ ಹೋಗಿ, ಬ್ಯಾನರಿನಲ್ಲಿ ನಗುತ್ತ ದಡಕ್ಕೆ ಬರುತ್ತಿದ್ದ ಬೋಟಿನ ಕೆಳಗೆ, ನೀಲಿ ನೀರಿನ ಮೇಲೆ ಒತ್ತಿದಳು.

“ಏಯ್, ಸರ್ಕಾರದ್ದು ಅದು,” ಎಂದು ಕಾರ್ಯದರ್ಶಿ ಎದ್ದ.

ಹಲೀಮಾಬಿ ಮೊಣಕಾಲಿಗೆ ಕೈಯೂರಿ ಎದ್ದು ನಿಂತಿದ್ದಳು. ಅವಳ ಹಿಂದೆ ಸಣ್ಣವ್ವ. ಸಣ್ಣವ್ವನ ಹಿಂದೆ ಯಾರಿದ್ದಾರೆಂದು ನೋಡಲು ಕಾರ್ಯದರ್ಶಿ ಕತ್ತು ಎತ್ತಿದ. ಸಾಲು ಬಾಗಿಲು ದಾಟಿತ್ತು. ಗಲಾಟೆ ಇರಲಿಲ್ಲ, ರೇಷನ್ನಿಗೆ ನಿಂತ ಹಾಗೆ ಸುಮ್ಮನೆ ನಿಂತಿದ್ದರು.

“ಡಬ್ಬಿ ಈಕಡೆ ತಾ ಬೇಟಾ,” ಎಂದಳು ಹಲೀಮಾಬಿ. “ನನಗ ಅಷ್ಟು ದೂರ ಬಗ್ಗಾಕ ಆಗೂದಿಲ್ಲ.”

ಮಜೀದ ಮಸಿಡಬ್ಬಿ ಎತ್ತಿಕೊಂಡು ಬ್ಯಾನರಿನ ಪಕ್ಕಕ್ಕೆ ಬಂದು ನಿಂತ. ರಾಮಪ್ಪ ಕುಳಿತಲ್ಲಿಂದ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅದರ ಮಸಿ ಇನ್ನೂ ಆರಿರಲಿಲ್ಲ. ಅವನೂ ಎದ್ದು ಸಾಲಿನ ಕೊನೆಗೆ ಹೋಗಿ ನಿಂತ.